ಮಳೆಯನ್ನು ನಂಬಿದವರು

ಭಾಗಮಂಡಲದಿಂದ ಪಡುವಣಕ್ಕೆ ಹೊರಟ ರಸ್ತೆ ಬೆಟ್ಟದ ಮೈಯನ್ನು ಬಳಸಿಕೊಂಡು ಸ್ವಲ್ಪ ದೂರ ಸಾಗಿ, ಆಮೇಲೆ ಇಳಿಯತೊಡಗುತ್ತದೆ. ಸುಮಾರು ಮೂವತ್ತು ಕಿಲೋಮೀಟರಿನ ಆ ಹಾದಿಯಲ್ಲಿ ಒಂದೊಂದು ತಿರುವು ಕಳೆದಂತೆಯೂ ಗಾಳಿಯ ತಂಪು ಒಂದಿಷ್ಟು ಕಡಿಮೆಯಾಗುತ್ತದೆ. ಕಾಫಿಯೂ ಏಲಕ್ಕಿಯೂ ಹಿಂದೆ ಉಳಿದು, ದಟ್ಟವಾದ ಕಾಡು ಬಂದು, ಆ ಕಾಡೂ ತೆರೆದುಕೊಂಡಾಗ ಅಡಕೆ, ತೆಂಗು, ರಬ್ಬರಿನ ತೋಟಗಳು ಎದುರಾಗುತ್ತವೆ. ಅದೇ ಕರಿಕೆ. ಕೊಡಗೆಂದರೆ ಚಳಿ, ಮಂಜು, ಕಾಫಿ ಎಂದು ತಿಳಿದವರಿಗೆ ಕರಿಕೆಯ ಸೆಕೆ ಬೆರಗು ಹುಟ್ಟಿಸುತ್ತದೆ. ಇನ್ನು ತುಸು ಮುಂದಕ್ಕೆ ಹೋದರೆ ಕೇರಳದ ಪಾಣತ್ತೂರು. ಅಲ್ಲಿಂದ ಮುಂದೆ ರಸ್ತೆ ಕಾಞಂಗಾಡಿನ ಕಡಲಕರೆಯನ್ನು ಮುಟ್ಟುತ್ತದೆ. ಅರೆಭಾಷೆ, ಮಲಯಾಳ, ತುಳು, ಕನ್ನಡ ಈ ನಾಲ್ಕೂ ನುಡಿಗಳು ಇಲ್ಲಿ ಒಂದೇ ಅಂಗಡಿಯ ಜಗಲಿಯ ಮೇಲೆ ಕೇಳಬರುತ್ತವೆ. ಮಳೆಯ ಮಾತು ಬಂದಾಗ ನಾಲ್ಕರಲ್ಲಿಯೂ ಇರುವುದು ಒಂದೇ ದೂರು.

ಈ ಇಳಿಜಾರಿನ ನೆತ್ತಿಯಲ್ಲಿ ತಲಕಾವೇರಿಯ ಬ್ರಹ್ಮಗಿರಿ ನಿಂತಿದೆ. ಅದರ ಎತ್ತರ 1,276 ಮೀಟರು. ಅಲ್ಲಿ ಮೂಡಣ ಮಗ್ಗುಲಿಗೆ ಬಿದ್ದ ಹನಿ ಕಾವೇರಿಯನ್ನು ಸೇರಿ, ಎರಡು ರಾಜ್ಯಗಳನ್ನು ಹಾದು, ಬಂಗಾಳ ಕೊಲ್ಲಿಯ ಕಡೆಗೆ ಹೊರಡುತ್ತದೆ. ಪಡುವಣ ಮಗ್ಗುಲಿಗೆ ಬಿದ್ದ ಹನಿಗೆ ಅಷ್ಟು ತಾಳ್ಮೆಯಿಲ್ಲ. ಅದು ಕಡಿದಾದ ಕಣಿವೆಗಳಲ್ಲಿ ಧುಮುಕುತ್ತ ಅರಬ್ಬೀ ಸಮುದ್ರಕ್ಕೆ ಓಡುತ್ತದೆ. ನಡುವೆ ಇರುವುದು ನಿತ್ಯಹರಿದ್ವರ್ಣದ ಕಾಡು. 1987ರಲ್ಲಿ ಇಲ್ಲಿಯ ನೂರೈದು ಚದರ ಕಿಲೋಮೀಟರಿನಷ್ಟು ಅಡವಿಯನ್ನು ತಲಕಾವೇರಿ ವನ್ಯಜೀವಿಧಾಮವೆಂದು ಘೋಷಿಸಿದರು. 2012ರಲ್ಲಿ ಪಶ್ಚಿಮಘಟ್ಟಗಳು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿದಾಗ ಈ ಕಾಡಿಗೂ ಆ ಗೌರವ ಸಂದಿತು. ಆನೆ, ಕಾಟಿ, ಮಂಗಟ್ಟೆ, ಕಾಳಿಂಗಸರ್ಪ ಮೊದಲಾದ ದೊಡ್ಡ ಜೀವಿಗಳ ಹೆಸರನ್ನು ಎಲ್ಲರೂ ಬಲ್ಲರು. ಆದರೆ ಈ ಕಾಡಿನ ಆರೋಗ್ಯವನ್ನು ತಿಳಿಯಬೇಕಾದರೆ ಕಣ್ಣಿಗಿಂತ ಕಿವಿಯನ್ನು ನಂಬಬೇಕು. ಅದೂ ರಾತ್ರಿಯ ಹೊತ್ತು, ಮಳೆಯ ಮೊದಲ ವಾರದಲ್ಲಿ.

ಕರಿಕೆಯ ಹಳೆಯ ಮನೆಗಳಲ್ಲಿ ಮಳೆಗಾಲ ಬಂತೆಂದು ಸಾರುತ್ತಿದ್ದವು ಕಪ್ಪೆಗಳೇ. ಪಂಚಾಂಗದಲ್ಲಿ ಕೃತ್ತಿಕೆ, ರೋಹಿಣಿ, ಮೃಗಶಿರ, ಆರ್ದ್ರೆ ಎಂದು ಮಳೆಯ ಹೆಸರುಗಳು ಸಾಲಾಗಿ ನಿಂತಿದ್ದರೂ, ಸೋಗೆ ಹೊದಿಸುವವನೂ ಗದ್ದೆ ಉಳುವವನೂ ಕಾಯುತ್ತಿದ್ದುದು ಆ ಕೂಗಿಗೆ. 2023ರ ಜೂನ್ ತಿಂಗಳಲ್ಲಿ ಆ ಕೂಗು ತಡವಾಯಿತು. ಸಾಮಾನ್ಯವಾಗಿ ಜೂನ್ ಒಂದರ ಸುಮಾರಿಗೆ ಕೇರಳವನ್ನು ಮುಟ್ಟುವ ಮುಂಗಾರು ಆ ವರ್ಷ ಮುಟ್ಟಿದ್ದು ಎಂಟನೆಯ ತಾರೀಖಿಗೆ. ಅರಬ್ಬೀ ಸಮುದ್ರದಲ್ಲೆದ್ದ ಚಂಡಮಾರುತವೊಂದು ಮೋಡಗಳ ತೇವವನ್ನೆಲ್ಲ ತನ್ನತ್ತ ಸೆಳೆದುಕೊಂಡಿತ್ತು. ಬಂದ ಮಳೆಯೂ ಗಟ್ಟಿಯಾಗಿರಲಿಲ್ಲ. ಆಗ ಕರಿಕೆಯ ಒಂದು ಮನೆಯ ಜಗಲಿಯಲ್ಲಿ ಅಜ್ಜನಿಗೂ ಮೊಮ್ಮಗನಿಗೂ ನಡೆದ ಮಾತು ಇದು; ಆ ಸೀಮೆಯ ಯಾವ ಮನೆಯಲ್ಲಿಯೂ ನಡೆದಿರಬಹುದಾದ ಮಾತು.

“ಅಜ್ಜ, ನಿನ್ನೆ ರಾತ್ರಿ ಮಳೆ ಬಂದಿತಲ್ಲ, ಕಪ್ಪೆಗಳು ಯಾಕೆ ಕೂಗಲಿಲ್ಲ?”

“ಬಂದದ್ದು ಮಳೆಯಲ್ಲ ಮಗಾ, ಮೋಡ ಕೈ ತೊಳೆದ ನೀರು. ನಮಗೆ ಗೊತ್ತಾಗದಿದ್ದರೂ ಕಪ್ಪೆಗೆ ಗೊತ್ತುಂಟು.”

“ಹಾಗಾದರೆ ಅದಕ್ಕೆ ಮೋಸವೇ ಆಗುವುದಿಲ್ಲವಾ?”

ಅಜ್ಜ ಕೂಡಲೇ ಉತ್ತರ ಕೊಡಲಿಲ್ಲ. ಎಲೆಗೆ ಸುಣ್ಣ ಹಚ್ಚಿ, ಮಡಿಸಿ, ಬಾಯಿಗಿಟ್ಟುಕೊಂಡ ಮೇಲೆ, “ಮೊದಲು ಆಗುತ್ತಿರಲಿಲ್ಲ” ಎಂದರು.

ಕಪ್ಪೆಗೆ ಮಳೆ ಏಕೆ ಇಷ್ಟು ದೊಡ್ಡದು? ಮನುಷ್ಯನಿಗೆ ಮಳೆಯೆಂದರೆ ಬೆಳೆ, ಕುಡಿಯುವ ನೀರು. ಬಾರದಿದ್ದರೆ ಬಾವಿಯುಂಟು, ಬಾವಿ ಬತ್ತಿದರೆ ಟ್ಯಾಂಕರುಂಟು. ಕಪ್ಪೆಗೆ ಮಳೆಯೇ ಉಸಿರು. ಅದು ಶ್ವಾಸಕೋಶದಿಂದ ಮಾತ್ರವಲ್ಲದೆ ಚರ್ಮದಿಂದಲೂ ಉಸಿರಾಡುತ್ತದೆ. ಚರ್ಮ ಒದ್ದೆಯಾಗಿದ್ದಾಗ ಮಾತ್ರ ಆ ಉಸಿರು ಸಾಗುತ್ತದೆ. ಅದರ ಮೊಟ್ಟೆಗೆ ಕೋಳಿಮೊಟ್ಟೆಯ ಹಾಗೆ ಗಟ್ಟಿಯಾದ ಕವಚವಿಲ್ಲ. ಬಿಸಿಲು ಒಂದು ದಿನ ಚುರುಕಾದರೆ ಒಣಗಿಹೋಗುತ್ತದೆ. ದೇಹದ ಬಿಸಿಯನ್ನು ತಾನೇ ಕಾದಿರಿಸಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಸುತ್ತಲ ಗಾಳಿ ಎಷ್ಟು ಬಿಸಿಯೋ ಹೆಚ್ಚುಕಡಿಮೆ ಅಷ್ಟೇ ಅದೂ. ಇಷ್ಟು ದುರ್ಬಲವಾದ ಜೀವ ಕೋಟ್ಯಂತರ ವರ್ಷ ಬಾಳಿ ಬಂದಿರುವುದಕ್ಕೆ ಕಾರಣ, ಅದು ಮಳೆಯ ಸ್ವಭಾವವನ್ನು ಅರಿತು ತನ್ನ ಬಾಳನ್ನು ಅದಕ್ಕೆ ಹೊಂದಿಸಿಕೊಂಡದ್ದು. ಪಶ್ಚಿಮಘಟ್ಟಗಳಲ್ಲಿ ಉಭಯವಾಸಿಗಳ ಬಗೆಗಳು ಇನ್ನೂರಕ್ಕೂ ಮಿಕ್ಕಿವೆ. ಅವುಗಳಲ್ಲಿ ಹೆಚ್ಚಿನವು ಈ ಘಟ್ಟಸಾಲಿನಲ್ಲಲ್ಲದೆ ಭೂಮಿಯ ಮೇಲೆ ಬೇರೆಲ್ಲಿಯೂ ಇಲ್ಲ. ಒಂದೊಂದೂ ಮಳೆಯೊಡನೆ ಒಂದೊಂದು ಬಗೆಯ ಕರಾರು ಮಾಡಿಕೊಂಡಿದೆ.

ಹಾರುವ ಕಪ್ಪೆಯನ್ನು ನೋಡಬಹುದು. ಎಳೆಯ ಬಾಳೆಯೆಲೆಯಂಥ ಹಸಿರು ಮೈ, ಬೆರಳುಗಳ ನಡುವೆ ಕೆಂಪು ಛಾಯೆಯ ಜಾಲಪೊರೆ. ಮರದಿಂದ ಮರಕ್ಕೆ ನೆಗೆಯುವಾಗ ಆ ಪೊರೆಯನ್ನು ಕೊಡೆಯಂತೆ ಬಿಚ್ಚಿ, ಮೂವತ್ತು ಅಡಿಯವರೆಗೂ ಗಾಳಿಯಲ್ಲಿ ತೇಲಿ ಇಳಿಯಬಲ್ಲದು. ಮಳೆ ಹಿಡಿದ ಕೂಡಲೇ ಇದು ನೀರಿನ ಮೇಲೆ ಬಾಗಿದ ಕೊಂಬೆಯನ್ನು ಹುಡುಕುತ್ತದೆ. ತೋಟದ ಸಿಮೆಂಟಿನ ತೊಟ್ಟಿಯಾದರೂ ಅದಕ್ಕೆ ಆಗಬಹುದು. ಅಲ್ಲಿ ಎಲೆಗಳ ನಡುವೆ ತನ್ನ ಮೈಯ ದ್ರವವನ್ನು ಹಿಂಗಾಲುಗಳಿಂದ ಕಡೆದು ಕಡೆದು, ಸಾಬೂನಿನ ನೊರೆಯಂಥ ಗೂಡು ಮಾಡಿ, ಅದರೊಳಗೆ ಮೊಟ್ಟೆಯಿಡುತ್ತದೆ. ಮರದ ಮೇಲಿದ್ದರೆ ಮೀನುಗಳ ಭಯವಿಲ್ಲ. ನೊರೆಯೊಳಗಿದ್ದರೆ ಒಣಗುವ ಭಯವಿಲ್ಲ. ಕೆಲವು ದಿನಗಳ ಮೇಲೆ ನೊರೆ ಕರಗಿ, ಗೊದಮೊಟ್ಟೆಗಳು ಒಂದೊಂದಾಗಿ ಕೆಳಗಿನ ನೀರಿಗೆ ಉದುರುತ್ತವೆ. ಏರ್ಪಾಡು ಅಚ್ಚುಕಟ್ಟಾಗಿದೆ; ಆದರೆ ಇದೆಲ್ಲವೂ ಒಂದು ನಂಬಿಕೆಯ ಮೇಲೆ ನಿಂತಿದೆ. ಮೊಟ್ಟೆಯಿಟ್ಟ ದಿನ ಕೆಳಗೆ ಇದ್ದ ನೀರು, ಮರಿ ಉದುರುವ ದಿನವೂ ಇರಬೇಕು. ಒಮ್ಮೆ ಹೊಯ್ದು ಹತ್ತು ದಿನ ಮುಖ ತೋರಿಸದ ಮಳೆ ಈ ಕರಾರನ್ನು ಮುರಿಯುತ್ತದೆ.

ಇನ್ನೊಂದು, ಹೆಬ್ಬೆರಳಿನ ಉಗುರಿನ ಮೇಲೆ ಕೂರಿಸಬಹುದಾದಷ್ಟು ಸಣ್ಣ ಪೊದೆಗಪ್ಪೆ. ಮಳೆಗಾಲದ ರಾತ್ರಿ ಪೊದೆಗಳೊಳಗಿಂದ ಟಿಕ್ ಟಿಕ್ ಎಂದು ಗಡಿಯಾರದಂತೆ ಸದ್ದು ಮಾಡುವುದು ಇದೇ. ಇದಕ್ಕೆ ಹಳ್ಳದ ಹಂಗೂ ಇಲ್ಲ, ಕೆರೆಯ ಹಂಗೂ ಇಲ್ಲ. ಎಲೆಯ ಮೇಲೋ ತರಗೆಲೆಗಳ ಅಡಿಯಲ್ಲೋ ಇಟ್ಟ ಮೊಟ್ಟೆಯೊಳಗೇ ಗೊದಮೊಟ್ಟೆಯ ಅವಸ್ಥೆ ಕಳೆದು, ಪೂರ್ಣರೂಪದ ಮರಿಕಪ್ಪೆ ಹೊರಬರುತ್ತದೆ. ಹೊಳೆಯನ್ನು ಬಿಟ್ಟು ಬಾಳಲು ಕಲಿತ ಈ ಜಾಣನಿಗೆ ಬೇಕಾದದ್ದು ಒಂದೇ: ಬಿಡದೆ ಸುರಿಯುವ ಸೋನೆ. ಗಾಳಿ ವಾರಗಟ್ಟಲೆ ಒದ್ದೆಯಾಗಿರಬೇಕು, ಅಷ್ಟೆ. ಈ ಕಪ್ಪೆಗಳ ಒಂದು ಕುಲಕ್ಕೆ 2010ರಲ್ಲಿ ‘ರಾಓರ್ಕೆಸ್ಟಿಸ್’ ಎಂದು ಹೆಸರಿಟ್ಟರು. ಆ ಹೆಸರಿನ ಮೊದಲಲ್ಲಿರುವ ‘ರಾವ್’ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ.ಆರ್. ನಾರಾಯಣ ರಾವ್. 1937ರಲ್ಲಿಯೇ ಘಟ್ಟದ ಹಲವು ಹೊಸ ಕಪ್ಪೆಗಳನ್ನು ಲೋಕಕ್ಕೆ ಪರಿಚಯಿಸಿದ ಆ ವಿದ್ವಾಂಸರ ಹೆಸರನ್ನು ನಾಡು ಹೆಚ್ಚು ನೆನೆಯುವುದಿಲ್ಲ, ಕಪ್ಪೆಗಳಾದರೂ ಹೊತ್ತುಕೊಂಡಿವೆ.

ಮೂರನೆಯದು ಕುಣಿಯುವ ಕಪ್ಪೆ. ಅದರ ವಾಸ ಕಾಡಿನ ನೆರಳಲ್ಲಿ ಹರಿಯುವ ತೊರೆಗಳ ಬಂಡೆಗಳ ಮೇಲೆ. ನೀರಿನ ಭೋರ್ಗರೆತದಲ್ಲಿ ಅಂಗುಲ ಗಾತ್ರದ ಜೀವ ಎಷ್ಟು ಕೂಗಿದರೂ ಕೇಳಿಸುವುದು ಕಷ್ಟ. ಆದುದರಿಂದ ಗಂಡುಕಪ್ಪೆ ಕೂಗುವುದರ ಜೊತೆಗೆ ಒಂದು ಹಿಂಗಾಲನ್ನು ಉದ್ದಕ್ಕೆ ಚಾಚಿ, ಬೆರಳು ಬಿಡಿಸಿ, ಬಾವುಟದಂತೆ ಬೀಸುತ್ತದೆ. ಹೆಣ್ಣನ್ನು ಕರೆಯುವುದಕ್ಕೂ ಅದೇ ಸನ್ನೆ, ಎದುರಾಳಿಯನ್ನು ಬೆದರಿಸುವುದಕ್ಕೂ ಅದೇ ಸನ್ನೆ. ನಾರಾಯಣ ರಾಯರು ಹೆಸರಿಸಿದ ಇಂಥದೊಂದು ಕಪ್ಪೆಗೆ ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೆಸರೇ ಇದೆ. 2014ರಲ್ಲಿ ಎಸ್.ಡಿ. ಬಿಜು ಮತ್ತು ಅವರ ಸಂಗಡಿಗರು ಪಶ್ಚಿಮಘಟ್ಟಗಳಿಂದ ಕುಣಿಯುವ ಕಪ್ಪೆಗಳ 14 ಹೊಸ ಬಗೆಗಳನ್ನು ಒಮ್ಮೆಗೇ ಪ್ರಕಟಿಸಿದಾಗ ವಿಜ್ಞಾನಿಗಳು ಸಂತೋಷಪಟ್ಟರು. ಆ ಸಂತೋಷದ ಜೊತೆಯಲ್ಲಿಯೇ, ತೊರೆಗಳು ಬೇಗ ಬತ್ತುತ್ತಿವೆಯೆಂಬ ಕಳವಳವೂ ವ್ಯಕ್ತವಾಯಿತು.

ಈ ಕಪ್ಪೆಯ ಕರಾರು ಎಲ್ಲಕ್ಕಿಂತ ನಾಜೂಕಾದದ್ದು. ಉಳಿದವು ಮಳೆ ಹಿಡಿದಾಗ ಮೊಟ್ಟೆಯಿಟ್ಟರೆ, ಇದು ಮಳೆ ಬಿಡುವ ತನಕ ಕಾಯುತ್ತದೆ. ಪ್ರವಾಹದ ರಭಸವಿಳಿದು, ತೊರೆ ಮೊಣಕಾಲ ಮಟ್ಟಕ್ಕೆ ಬಂದು, ತಿಳಿಯಾಗಿ ಹರಿಯುವಾಗ ಹೆಣ್ಣು ನೀರಡಿಯ ಮರಳುಗಲ್ಲುಗಳ ನಡುವೆ ಹಿಂಗಾಲುಗಳಿಂದ ಗುಳಿ ತೋಡಿ, ಮೊಟ್ಟೆಯಿಟ್ಟು ಮುಚ್ಚುತ್ತದೆ. ಆಮೇಲೆ ಒಂದು ದೊಡ್ಡ ಮಳೆ ಬಂದರೆ ಮೊಟ್ಟೆಗಳು ಕೊಚ್ಚಿಹೋಗುತ್ತವೆ; ಮಳೆ ಬೇಗನೆ ಕೈಕೊಟ್ಟು ತೊರೆ ಬತ್ತಿದರೆ ಗುಳಿಯಲ್ಲಿಯೇ ಒಣಗುತ್ತವೆ. ಮಳೆ ಹೆಚ್ಚಾದರೂ ಕೇಡು, ಕಡಿಮೆಯಾದರೂ ಕೇಡು. ಅದಕ್ಕೆ ಬೇಕಾದದ್ದು ಮೆಲ್ಲಮೆಲ್ಲನೆ ಹಿಂದೆ ಸರಿಯುವ ಮಳೆ. ಬಂದ ನೆಂಟ ಹೊಸ್ತಿಲಲ್ಲಿ ನಿಂತು ನಾಲ್ಕು ಮಾತಾಡಿ ಹೊರಡುವ ಹಾಗೆ.

ಈಚಿನ ವರ್ಷಗಳಲ್ಲಿ ಮಳೆ ಈ ಮರ್ಯಾದೆಯನ್ನು ಮರೆತಂತೆ ಕಾಣುತ್ತದೆ. 2018ರ ಆಗಸ್ಟಿನಲ್ಲಿ ಕೆಲವೇ ದಿನಗಳಲ್ಲಿ ಸುರಿದ ಮಳೆಗೆ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ತೋಟಗಳೊಡನೆ ಕುಸಿದವು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಗಜಗಿರಿ ಜರಿದು, ಅರ್ಚಕರ ಮನೆಯನ್ನೂ ಮನೆಯವರನ್ನೂ ಆಹುತಿ ತೆಗೆದುಕೊಂಡಿತು. 2023ರಲ್ಲಿ ಮುಂಗಾರು ತಡವಾದದ್ದಲ್ಲದೆ, ಆಗಸ್ಟ್ ತಿಂಗಳು ಭಾರತದಲ್ಲಿ 1901ರಿಂದೀಚೆಗೆ ದಾಖಲಾದ ಆಗಸ್ಟ್‌ಗಳಲ್ಲೆಲ್ಲ ಅತ್ಯಂತ ಒಣದ್ದಾಯಿತು. 2025ರಲ್ಲಿ ಅದೇ ಮುಂಗಾರು ಮೇ 24ಕ್ಕೇ ಕೇರಳವನ್ನು ಹೊಕ್ಕಿತು. ಎರಡು ವರ್ಷಗಳ ಅಂತರದಲ್ಲಿ ಹದಿನೈದು ದಿನಗಳ ಹಿಂದುಮುಂದು! ವರ್ಷದ ಕೊನೆಗೆ ಲೆಕ್ಕ ಹಾಕುವ ಗುಮಾಸ್ತನಿಗೆ ಮಳೆಯ ಒಟ್ಟು ಮೊತ್ತ ಸರಿಯಾಗಿಯೇ ಕಾಣಬಹುದು. ಆದರೆ ಮೊಟ್ಟೆಯೊಳಗಿನ ಜೀವ ಮೊತ್ತವನ್ನು ಕುಡಿದು ಬಾಳುವುದಿಲ್ಲ. ಅದಕ್ಕೆ ಆಯಾ ದಿನದ ಹನಿ ಆಯಾ ದಿನ ಬೇಕು.

ಮಳೆ ಹೀಗೇಕೆ ದಾರಿ ತಪ್ಪಿತು? ಕಲ್ಲಿದ್ದಲನ್ನು ಸುಡುವುದರಿಂದ ಹೊರಡುವ ಅಂಗಾರಾಮ್ಲ ಭೂಮಿಯನ್ನು ಕಾಯಿಸಬಲ್ಲದೆಂದು ಸ್ವೀಡನ್ನಿನ ಅರೇನಿಯಸ್ 1896ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದ. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ ಅಳತೆ ಆರಂಭಿಸಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಆ ಅನಿಲ ಸುಮಾರು 315 ಭಾಗವಿತ್ತು. ಈಗ 420ನ್ನು ದಾಟಿದೆ. 2024ರಲ್ಲಿ ಭೂಮಿಯ ಸರಾಸರಿ ತಾಪ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿದ್ದುದಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಹೆಚ್ಚಾಗಿತ್ತು. ಒಂದು ಡಿಗ್ರಿ ಹೆಚ್ಚು ಬಿಸಿಯಾದ ಗಾಳಿ ಶೇಕಡ ಏಳರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ದೊಡ್ಡ ಕೊಡ ತುಂಬುವುದಕ್ಕೆ ಹೊತ್ತು ಹಿಡಿಯುತ್ತದೆ, ಮಗುಚಿದಾಗ ಒಮ್ಮೆಗೇ ಸುರಿಯುತ್ತದೆ; ಬಿಡುವೂ ಹೆಚ್ಚು, ಹೊಡೆತವೂ ಹೆಚ್ಚು. ಮಧ್ಯಭಾರತದ ಐವತ್ತು ವರ್ಷಗಳ ಮಳೆಯ ದಾಖಲೆಗಳನ್ನು ಪರಿಶೀಲಿಸಿದ ಬಿ.ಎನ್. ಗೋಸ್ವಾಮಿ ಮತ್ತು ಸಂಗಡಿಗರು, ಸಾಧಾರಣ ಮಳೆಯ ದಿನಗಳು ಕಡಿಮೆಯಾಗಿ ಅತಿಮಳೆಯ ದಿನಗಳು ಹೆಚ್ಚುತ್ತಿರುವುದನ್ನು 2006ರಲ್ಲಿ ಪ್ರಕಟಿಸಿದರು. ಪೊದೆಗಪ್ಪೆ ನಂಬಿದ್ದ ಸೋನೆಮಳೆ ಆ ಸಾಧಾರಣ ಮಳೆಯ ಜಾತಿಗೇ ಸೇರಿದ್ದು.

ಸೆಕೆ ಹೆಚ್ಚಾದರೆ ಪ್ರಾಣಿಗಳು ಮೇಲಕ್ಕೆ ಏರಬಹುದಲ್ಲ ಎಂದು ಕೆಲವರು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಕರಿಕೆಯಿಂದ ತಲಕಾವೇರಿಯವರೆಗಿನ ಇಳಿಜಾರು ಒಂದು ಮಹಾ ಸೋಪಾನ. ಸಾವಿರ ಮೀಟರು ಏರಿದರೆ ತಾಪ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಅಂದರೆ ಲೋಕ ಒಂದು ಡಿಗ್ರಿ ಬಿಸಿಯಾದರೆ, ಮೊದಲಿನ ತಂಪನ್ನು ಬಯಸುವ ಜೀವಿ ನೂರೈವತ್ತು ಮೀಟರಿನಷ್ಟು ಮೇಲೆ ಹೋಗಬೇಕು. ರೆಕ್ಕೆಯುಳ್ಳ ಹಕ್ಕಿಗೆ ಇದು ಸಾಧ್ಯ. ಆದರೆ ಬೆಟ್ಟ ದೇವಸ್ಥಾನದ ಗೋಪುರದಂತೆ. ಮೇಲೆ ಹೋದಷ್ಟೂ ಜಾಗ ಕಿರಿದು. ನೆತ್ತಿಯ ಹುಲ್ಲುಗಾವಲನ್ನೂ ಅದರ ಮಡಿಕೆಗಳಲ್ಲಿ ಅಡಗಿದ ಶೋಲಾ ಕಾಡನ್ನೂ ದಾಟಿದರೆ ಉಳಿದಿರುವುದು ಬರಿಯ ಆಕಾಶ. ದಕ್ಷಿಣ ಅಮೆರಿಕದ ಪೆರು ದೇಶದ ಬೆಟ್ಟವೊಂದರಲ್ಲಿ 1985ರಲ್ಲಿ ಎಣಿಸಿದ್ದ ಹಕ್ಕಿಗಳನ್ನು 2017ರಲ್ಲಿ ಮತ್ತೆ ಎಣಿಸಿದರು. ಬಹುಪಾಲು ಹಕ್ಕಿಗಳು ಮೇಲಕ್ಕೆ ಸರಿದಿದ್ದವು. ಮೊದಲೇ ನೆತ್ತಿಯಲ್ಲಿದ್ದ ಕೆಲವು ಜಾತಿಗಳು ಮಾತ್ರ ಅಲ್ಲಿ ಕಾಣಸಿಗಲೇ ಇಲ್ಲ.

ಕಪ್ಪೆಗಾದರೋ ಏರುವ ಮಾತೇ ಕಷ್ಟ. ಉಗುರಿನಷ್ಟು ದೊಡ್ಡ ಜೀವ ಬಿಸಿಲು ಬಿದ್ದ ಒಂದು ರಸ್ತೆಯನ್ನು ದಾಟುವುದು ಮನುಷ್ಯ ಮರುಭೂಮಿಯನ್ನು ದಾಟಿದಂತೆ. ಹಲವು ಬಗೆಯವು ಒಂದೆರಡು ಗಿರಿಗಳನ್ನೇ ತಮ್ಮ ಇಡೀ ಪ್ರಪಂಚವೆಂದು ಬಾಳುತ್ತಿವೆ. ಮಧ್ಯ ಅಮೆರಿಕದ ಕೋಸ್ಟರಿಕದಲ್ಲಿ ಮಾಂಟೆವೆರ್ಡೆ ಎಂಬ ಮಂಜಿನ ಕಾಡಿದೆ. ಅಲ್ಲಿ ಹೊಂಬಣ್ಣದ ನೆಲಗಪ್ಪೆಯೊಂದಿತ್ತು. ತಲಕಾವೇರಿಯ ಕಾಡನ್ನು ವನ್ಯಧಾಮವೆಂದು ಸಾರಿದ ಅದೇ 1987ರಲ್ಲಿ, ಮಳೆನೀರು ನಿಂತ ಗುಂಡಿಗಳಲ್ಲಿ ಅವು ಸಾವಿರಕ್ಕೂ ಮಿಗಿಲಾಗಿ ನೆರೆದಿದ್ದವು. ಗುಂಡಿಗಳು ಬೇಗನೆ ಒಣಗಿದವು, ಮೊಟ್ಟೆಗಳು ಹಾಳಾದವು. 1989ರಲ್ಲಿ ಒಂದೇ ಒಂದು ಗಂಡುಕಪ್ಪೆ ಕಾಣಿಸಿತು. ಅನಂತರ ಯಾರ ಕಣ್ಣಿಗೂ ಬಿದ್ದಿಲ್ಲ. ಒಣಹವೆಯಷ್ಟೇ ಅಲ್ಲದೆ ಚರ್ಮಕ್ಕೆ ತಗಲುವ ಒಂದು ಬಗೆಯ ಬೂಷ್ಟು ರೋಗವೂ ಅದರ ಅಳಿವಿಗೆ ಕಾರಣವೆನ್ನುತ್ತಾರೆ. 2023ರಲ್ಲಿ ಪ್ರಕಟವಾದ ಜಗತ್ತಿನ ಉಭಯವಾಸಿಗಳ ಸಮೀಕ್ಷೆಯ ಪ್ರಕಾರ, ಐದರಲ್ಲಿ ಎರಡು ಬಗೆಗಳು ಅಳಿವಿನ ಅಂಚಿನ ಕಡೆಗೆ ಸರಿದಿವೆ.

ಕಪ್ಪೆ ಹೋದರೆ ಹೋಯಿತು ಎನ್ನುವವರಿಗೆ ಕಾಡಿನ ಸಂಸಾರ ತಿಳಿಯದು. ಗೊದಮೊಟ್ಟೆ ತೊರೆಯ ಪಾಚಿಯನ್ನು ತಿನ್ನುತ್ತದೆ, ಕಪ್ಪೆ ಹುಳುಗಳನ್ನು ತಿನ್ನುತ್ತದೆ. ಕಪ್ಪೆಯನ್ನು ಹಾವು, ಹಾವನ್ನು ಕಾಳಿಂಗ. ಮಳೆಯ ಗೊಂದಲ ಇವುಗಳಿಗೆ ಮಾತ್ರ ಮೀಸಲೂ ಅಲ್ಲ. ಮಂಗಟ್ಟೆಯ ಹೆಣ್ಣು ಬೇಸಗೆಗೆ ಮುಂಚೆ ಮರದ ಪೊಟರೆಯನ್ನು ಹೊಕ್ಕು, ಬಾಗಿಲನ್ನು ಒಳಗಿನಿಂದ ಮೆತ್ತಿಕೊಂಡು, ಗಂಡು ತರುವ ಅತ್ತಿ ಆಲದ ಹಣ್ಣುಗಳನ್ನೇ ನಂಬಿ ಕೂರುತ್ತದೆ; ಹಣ್ಣಿನ ಕಾಲ ತಪ್ಪಿದರೆ ಅದರ ಗತಿಯೇನು? ಹೂವಿನ ಹೊತ್ತಿಗೆ ಹುಯ್ದ ಮಳೆ ಮಕರಂದವನ್ನು ತೊಳೆದರೆ ಹೆಜ್ಜೇನಿಗೂ ಉಪವಾಸ, ಆ ಜೇನನ್ನು ಅರಸಿ ತಲೆತಲಾಂತರದಿಂದ ಈ ಬೆಟ್ಟಗಳನ್ನು ಏರುತ್ತಿರುವ ಕುಡಿಯ ಜನರಿಗೂ ಬರಿಗೈ. ಮನುಷ್ಯರೂ ಈ ಪಂಚಾಂಗದ ಹೊರಗಿಲ್ಲ. ಆಟಿ ತಿಂಗಳ ಹದಿನೆಂಟನೆಯ ದಿನ ಮದ್ದುಸೊಪ್ಪಿನಲ್ಲಿ ಔಷಧಗುಣ ತುಂಬಿರುತ್ತದೆಂದು ಕೊಡಗಿನ ಮನೆಮನೆಯಲ್ಲಿ ಅದರ ಪಾಯಸ ಮಾಡುತ್ತಾರೆ. ಗಿಡವೂ ಮಳೆಯೂ ದಿನ ತಪ್ಪುವುದಿಲ್ಲವೆಂಬ ಭರವಸೆಯ ಮೇಲೆ ಕಟ್ಟಿದ ಹಬ್ಬ ಅದು.

ಹಾಗೆಂದು ಎಲ್ಲ ತಪ್ಪನ್ನೂ ದೂರದ ಹೊಗೆಗೊಳವೆಗಳ ತಲೆಗೆ ಕಟ್ಟುವುದು ಸುಲಭವಾದ ನ್ಯಾಯ. ಕಾಡುಮರ ಕಡಿದು ಒಂದೇ ಜಾತಿಯ ಮರ ನೆಟ್ಟ ಗುಡ್ಡದಲ್ಲಿ ನೆರಳೂ ತೆಳ್ಳಗಾಗುತ್ತದೆ, ತರಗೆಲೆಯೂ ಬೇಗ ಒಣಗುತ್ತದೆ. ತೊರೆಯನ್ನು ತಿರುಗಿಸಿ ಪೈಪಿನಲ್ಲಿ ತೋಟಕ್ಕೆ ಹರಿಸಿದರೆ ಕುಣಿಯುವ ಕಪ್ಪೆಗೆ ರಂಗಸ್ಥಳವೇ ಇಲ್ಲ. ಅಡಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತವಿದೆ. ಅದರ ತಾಮ್ರ ನೀರಿಗಿಳಿದರೆ ಗೊದಮೊಟ್ಟೆಗೆ ವಿಷ. ಸಿಂಪಡಿಸದೆ ಇದ್ದರೆ ಬೆಳೆಗಾರನ ವರ್ಷದ ಅನ್ನಕ್ಕೇ ಸಂಚಕಾರ. ಸಿಂಪಡಿಸುವುದಕ್ಕೆ ಅವನಿಗೂ ಮಳೆಯ ನಡುವೆ ಒಂದೆರಡು ದಿನದ ಬಿಸಿಲು ಬೇಕು. ಕಪ್ಪೆಯೂ ರೈತನೂ ಒಂದೇ ಆಕಾಶವನ್ನು ನೋಡುತ್ತ, ಒಂದೊಂದು ಬೇರೆ ಬೇಡಿಕೆಯಿಟ್ಟುಕೊಂಡು ಕುಳಿತಿರುತ್ತಾರೆ. ಮೊದಲು ಮಳೆಗೆ ಇಬ್ಬರನ್ನೂ ಸಲಹುವ ಲೆಕ್ಕ ತಿಳಿದಿತ್ತು.

ಆ ಜೂನ್ ತಿಂಗಳ ಕೊನೆಗೆ ಕರಿಕೆಯ ಆ ಮನೆಯ ತೋಟದ ಮೂಲೆಯಲ್ಲಿ ಹಾರುವ ಕಪ್ಪೆಯ ನೊರೆಗೂಡೊಂದು ಕಾಣಿಸಿತು. ಕಂಡವನು ಮೊಮ್ಮಗ. ಗೂಡು ತೂಗುತ್ತಿದ್ದುದು ಕೆಸರುಗುಂಡಿಯೊಂದರ ಮೇಲೆ. ಮೂರು ದಿನ ಮಳೆಯಿಲ್ಲದೆ ಗುಂಡಿಯ ನೀರು ಅಂಗೈಯಗಲಕ್ಕೆ ಇಳಿದಿತ್ತು. ಹುಡುಗ ತೊಟ್ಟಿಯಿಂದ ಬಕೆಟಿನಲ್ಲಿ ನೀರು ಹೊತ್ತು ತಂದು ಸುರಿದ, ಅದು ಇಂಗಿತು. ಮತ್ತೆ ತಂದ. ಅಂದು ಸಂಜೆಯೊಳಗೆ ಹನ್ನೆರಡು ಬಕೆಟು ಆಯಿತು.

ಮಳೆಯ ಬಿಡುವು ಸಿಕ್ಕಿತೆಂದು ಅಜ್ಜ ಮದ್ದು ಬಿಡುವುದಕ್ಕೆ ಆಳುಗಳನ್ನು ಹೇಳಿದ್ದರು. ಡ್ರಮ್ಮಿನಲ್ಲಿ ಸುಣ್ಣವೂ ಮೈಲುತುತ್ತವೂ ಕದಡಿ ಸಿದ್ಧವಾಗಿತ್ತು. ಅವರು ಹುಡುಗನ ಓಡಾಟವನ್ನು ಬಹಳ ಹೊತ್ತು ನೋಡಿದರು.

“ಎಷ್ಟು ದಿನ ಹೊರುತ್ತೀ?”

“ಮರಿ ಬೀಳುವ ತನಕ ಅಜ್ಜ. ನಾಲ್ಕೈದು ದಿನ ಇರಬಹುದು.”

ಅಜ್ಜ ಮಾತಾಡಲಿಲ್ಲ. ಆಳುಗಳನ್ನು ಕರೆದು, ಡ್ರಮ್ಮನ್ನು ತೋಟದ ಇನ್ನೊಂದು ತುದಿಗೆ ಸಾಗಿಸುವಂತೆ ಹೇಳಿದರು. ಆ ಮೂಲೆಯ ಇಪ್ಪತ್ತು ಮರಗಳಿಗೆ ಈ ಸಲ ಮದ್ದು ಬೇಡ ಎಂದರು. ಆಮೇಲೆ ಅಂಗಳಕ್ಕೆ ಬಂದು, ಪಡುವಣ ಆಕಾಶದ ಕಡೆಗೆ ಕೈ ಅಡ್ಡ ಹಿಡಿದು ನೋಡುತ್ತ ನಿಂತರು. ಐದನೆಯ ರಾತ್ರಿ ಮಳೆ ಬಂತು. ಹೆಂಚಿನ ಮೇಲೆ ಅದರ ಸದ್ದು ಗಟ್ಟಿಯಾಗುತ್ತಿದ್ದಂತೆ, ತೋಟದ ಆಚೆಯಿಂದ ಒಂದು, ಅದಕ್ಕೆ ಉತ್ತರವಾಗಿ ಇನ್ನೊಂದು, ಆಮೇಲೆ ಲೆಕ್ಕಕ್ಕೆ ಸಿಗದಷ್ಟು ಕಪ್ಪೆಗಳು ಕೂಗತೊಡಗಿದವು. ಹುಡುಗ ಟಾರ್ಚು ಹಿಡಿದು ಗುಂಡಿಯ ಕಡೆಗೆ ಓಡಿದ.